ಮೂಲವ್ಯವಸ್ಥೆಯ ನವೀಕರಣವೂ ಸರ್ವರಿನ ಅತಿಶ್ರಮವೂ

ಕನ್ನಡದ ಗ್ರಂಥಸೂಚಿಗಳು, ಶಾಸನಪಾಠಗಳು, ನಿಘಂಟುಗಳು, ಹಳೆಯ ಪತ್ರಿಕೆಗಳ ಸಂಚಿಕೆಗಳು ಮೊದಲಾದುವು ಇಂದು ಅಚ್ಚಿನ ಹಾಳೆಯಲ್ಲಿ ಮಾತ್ರವೇ ನೆಲಸಿಲ್ಲ. ಸರ್ವರ್ ಎಂಬ ಗಣಕಯಂತ್ರಗಳಲ್ಲಿಯೂ ನೆಲಸಿವೆ. ವಿದ್ವಾಂಸನು ಒಂದು ಪದಪ್ರಯೋಗವನ್ನು ಅರಸಿದಾಗ, ಅಥವಾ ಅಧ್ಯಾಪಕನು ಒಂದು ಗ್ರಂಥದ ಇರವನ್ನು ವಿಚಾರಿಸಿದಾಗ, ಉತ್ತರ ಹೇಳತಕ್ಕದ್ದು ಈ ಯಂತ್ರವೇ. ಆದುದರಿಂದ ಅದರ ಆರೋಗ್ಯವು ಯಂತ್ರಜ್ಞರಿಗೆ ಮಾತ್ರ ಸೇರಿದ ವಿಷಯವಲ್ಲ.

ಯಂತ್ರದ ಸಕಲ ವ್ಯವಹಾರವನ್ನೂ ನಡೆಸುವ ಆಪರೇಟಿಂಗ್ ಸಿಸ್ಟಂ, ಎಂದರೆ ಮೂಲವ್ಯವಸ್ಥೆ, ಕೆಲವು ವರ್ಷಗಳಿಗೊಮ್ಮೆ ಹೊಸದಾಗಲೇ ಬೇಕು. ಹಳೆಯ ಆವೃತ್ತಿಗೆ ರಕ್ಷಣೆಯ ತಿದ್ದುಪಡಿಗಳು ಒಂದು ಅವಧಿಯ ಮೇಲೆ ದೊರೆಯುವುದಿಲ್ಲ. ಹೀಗೆ ನವೀಕರಣವಾದ ಬಳಿಕ ಪ್ರೊಸೆಸರು, ಎಂದರೆ ಲೆಕ್ಕಮಾಡುವ ಅಂಗವು, ಎಡೆಬಿಡದೆ ದುಡಿಯುತ್ತಿರುವುದು ಅನೇಕ ಕಡೆ ಕಂಡುಬರುವ ಸಂಗತಿ. ಆಗ ಸಾಮಾನ್ಯವಾಗಿ ನಡೆಯುವುದು ಎರಡು: ಹೊಸ ವ್ಯವಸ್ಥೆಯನ್ನು ದೂರುವುದು, ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸುವುದು. ಇವೆರಡೂ ವಿಚಾರವನ್ನು ಮುಗಿಸುತ್ತವೆಯೇ ಹೊರತು ಕಾರಣವನ್ನು ತಿಳಿಸುವುದಿಲ್ಲ. ಅತಿಶ್ರಮದ ಕಾರಣವನ್ನು ಕ್ರಮವಾಗಿ ಕಂಡುಹಿಡಿಯುವ ಬಗೆ ಯಾವುದು, ಯಾವ ಶ್ರಮವನ್ನು ತಡೆಯಬೇಕು, ಯಾವುದನ್ನು ತಡೆಯಬಾರದು ಎಂಬುದೇ ಪ್ರಕೃತ ವಿಷಯ.

ವಿಷಯವು ವಿಶದವಾಗುವುದಕ್ಕೆ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಬೆಂಗಳೂರಿನ ಪಶ್ಚಿಮಭಾಗದಲ್ಲಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಕೆಂಗೇರಿಯವರೆಗೆ ಶಾಲೆ ಕಾಲೇಜುಗಳು ಹಬ್ಬಿವೆ. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವೂ ಈ ದಿಕ್ಕಿನಲ್ಲಿಯೇ ಇದೆ. ಈ ಭಾಗದ ಒಂದು ಕಾಲೇಜಿನ ಗ್ರಂಥಭಂಡಾರದಲ್ಲಿ ನಾಲ್ಕು ಕೋರುಗಳ ಒಂದು ಸರ್ವರು ಇದ್ದಿತು. ಪುಸ್ತಕಗಳ ಪಟ್ಟಿಯು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಇದ್ದಿತು. ಒಂದು ಶನಿವಾರ ರಾತ್ರಿ ಅದರ ಮೂಲವ್ಯವಸ್ಥೆಯನ್ನು ಉಬುಂಟು ೧೮.೦೪ರಿಂದ ೨೦.೦೪ಕ್ಕೆ ಏರಿಸಲಾಯಿತು, ಸೋಮವಾರ ಬೆಳಗ್ಗೆ ಪ್ರತಿಯೊಂದು ಹುಡುಕಾಟವೂ ತಡವಾಗತೊಡಗಿತು ಎಂದಿಟ್ಟುಕೊಳ್ಳೋಣ.

೧. ಲಕ್ಷಣವೂ ರೋಗವೂ

ಮೊದಲು ಅಂಕಿಗಳ ಅರ್ಥವನ್ನು ತಿಳಿಯಬೇಕು. ಲಿನಕ್ಸಿನ ‘ಟಾಪ್’ ಎಂಬ ಸಾಧನದಲ್ಲಿ ಒಂದು ಕೆಲಸದ ಮುಂದೆ ಶೇಕಡ ೧೦೦ ಎಂದು ಕಂಡರೆ, ಸಾಮಾನ್ಯವಾಗಿ ಅದು ಒಂದು ಕೋರಿನ ಪೂರ್ಣಶ್ರಮವನ್ನು ಸೂಚಿಸುತ್ತದೆ. ನಾಲ್ಕು ಕೋರುಗಳ ಯಂತ್ರದಲ್ಲಿ ಇದು ಒಟ್ಟು ಶಕ್ತಿಯ ಕಾಲುಭಾಗವಷ್ಟೆ. ಪೂರ್ಣಶ್ರಮವೆಂದರೆ ಶೇಕಡ ೪೦೦. ವಿಂಡೋಸಿನ ‘ಟಾಸ್ಕ್ ಮ್ಯಾನೇಜರ್’ ಒಟ್ಟು ಶಕ್ತಿಯನ್ನೇ ೧೦೦ ಎಂದೆಣಿಸುತ್ತದೆ. ಈ ಭೇದವನ್ನು ಅರಿಯದೆ ಎರಡು ಯಂತ್ರಗಳನ್ನು ಹೋಲಿಸಿದರೆ ತೀರ್ಮಾನವು ತಪ್ಪಾಗುವುದು.

‘ಲೋಡ್ ಆವರೇಜ್’ ಎಂಬ ಇನ್ನೊಂದು ಅಂಕಿಯು ಒಂದು, ಐದು, ಹದಿನೈದು ನಿಮಿಷಗಳ ಸರಾಸರಿಯಾಗಿ ತೋರುತ್ತದೆ. ವಿಜಯನಗರದ ಮೆಟ್ರೋ ನಿಲ್ದಾಣದ ಟಿಕೆಟ್ ಕಿಟಕಿಯನ್ನು ನೆನೆದರೆ ಇದರ ಸ್ವರೂಪ ತಿಳಿದೀತು. ಕಿಟಕಿಯಲ್ಲಿ ಕುಳಿತವನಿಗೆ ಬಿಡುವಿದೆಯೇ ಇಲ್ಲವೇ ಎಂಬುದು ಒಂದು ಪ್ರಶ್ನೆ. ಹೊರಗೆ ಸಾಲು ಎಷ್ಟು ಉದ್ದವಿದೆ ಎಂಬುದು ಬೇರೊಂದು ಪ್ರಶ್ನೆ. ಲೋಡ್ ಆವರೇಜು ಸಾಲಿನ ಅಳತೆ. ಅಲ್ಲದೆ ಲಿನಕ್ಸಿನಲ್ಲಿ, ಪ್ರೊಸೆಸರನ್ನು ಬೇಡದೆ ಡಿಸ್ಕಿನ ಉತ್ತರಕ್ಕಾಗಿ ನಿಶ್ಚಲವಾಗಿ ಕಾದಿರುವ ಕೆಲಸಗಳೂ ಈ ಸಾಲಿನಲ್ಲಿ ಎಣಿಕೆಯಾಗುತ್ತವೆ. ಆದಕಾರಣ ಸಾಲು ಬೆಳೆದ ಮಾತ್ರಕ್ಕೆ ಪ್ರೊಸೆಸರು ಬಳಲಿದೆಯೆಂದು ಹೇಳಲಾಗದು.

ಇನ್ನು ಶ್ರಮದ ಬಗೆ. ‘ಟಾಪ್’ ಸಾಧನವು ಪ್ರೊಸೆಸರಿನ ಕಾಲವನ್ನು ಹಲವು ಪಾಲುಗಳಾಗಿ ಹಂಚಿ ತೋರಿಸುತ್ತದೆ. ಅವುಗಳಲ್ಲಿ ನಾಲ್ಕು ಮುಖ್ಯವಾದುವು. ‘ಯೂಸರ್’ ಎಂಬ ಪಾಲು ಹೆಚ್ಚಿದ್ದರೆ ಡೇಟಾಬೇಸು ಮೊದಲಾದ ಕಾರ್ಯಕ್ರಮಗಳೇ ಲೆಕ್ಕದಲ್ಲಿ ತೊಡಗಿವೆಯೆಂದು ಅರ್ಥ. ‘ಸಿಸ್ಟಂ’ ಹೆಚ್ಚಿದ್ದರೆ ಮೂಲವ್ಯವಸ್ಥೆಯ ಗರ್ಭವಾದ ಕರ್ನೆಲ್ ದುಡಿಯುತ್ತಿದೆ. ‘ವೇಟ್’ ಹೆಚ್ಚಿದ್ದರೆ ಪ್ರೊಸೆಸರು ದುಡಿಯುತ್ತಲೇ ಇಲ್ಲ. ಡಿಸ್ಕಿನ ದಾರಿ ನೋಡುತ್ತಿದೆ. ‘ಸ್ಟೀಲ್’ ಹೆಚ್ಚಿದ್ದರೆ, ಒಂದೇ ಭೌತಿಕ ಯಂತ್ರವನ್ನು ಹಂಚಿಕೊಂಡ ಬಾಡಿಗೆಯ ಸರ್ವರುಗಳಲ್ಲಿ, ಪಕ್ಕದವರ ದುಡಿಮೆಯು ಇವರ ಪಾಲನ್ನು ಕಸಿಯುತ್ತಿದೆ. ಈ ನಾಲ್ಕರ ಚಿಕಿತ್ಸೆಯೂ ಬೇರೆ ಬೇರೆ. ಜ್ವರವೆಂಬ ಒಂದೇ ಲಕ್ಷಣಕ್ಕೆ ಹಲವು ರೋಗಗಳು ಮೂಲವಾಗಿರುವಂತೆ, ಅತಿಶ್ರಮವೂ ಲಕ್ಷಣವೇ ಹೊರತು ರೋಗವಲ್ಲ.

೨. ನವೀಕರಣದಿಂದ ಹುಟ್ಟುವ ಕಾರಣಗಳು

ನವೀಕರಣದ ಬಳಿಕ ಕಾಣುವ ಶ್ರಮದಲ್ಲಿ ಒಂದು ಭಾಗವು ತಾನಾಗಿ ಮುಗಿಯತಕ್ಕದ್ದು. ಹೊಸ ವ್ಯವಸ್ಥೆಯು ಕಡತಗಳ ಸೂಚಿಗಳನ್ನು ಮತ್ತೆ ಕಟ್ಟುತ್ತದೆ. ವಿಂಡೋಸ್ ಸರ್ವರಿನಲ್ಲಿ ಡಾಟ್‌ನೆಟ್ ಎಂಬ ಆಧಾರವು ನವೀಕರಣವಾದಾಗ, ಅದನ್ನು ಆಶ್ರಯಿಸಿದ ಕಾರ್ಯಕ್ರಮಗಳು ಯಂತ್ರಭಾಷೆಗೆ ಪುನಃ ಪರಿವರ್ತನೆಗೊಳ್ಳುತ್ತವೆ. ಅಷ್ಟು ಹೊತ್ತು ಪ್ರೊಸೆಸರಿಗೆ ಬಿಡುವಿರುವುದಿಲ್ಲ. ಇಂತಹವನ್ನು ನಡುವೆ ನಿಲ್ಲಿಸಿದರೆ ಕೆಲಸವು ಉಳಿದೇ ಇರುತ್ತದೆ, ಮತ್ತೊಮ್ಮೆ ಮೊದಲಾಗುತ್ತದೆ.

ಎರಡನೆಯದು ಅಳಿದುಹೋದ ಅನುಭವ. ಡೇಟಾಬೇಸು ತನ್ನಲ್ಲಿರುವ ಪಟ್ಟಿಗಳ ಗಾತ್ರ, ಪದಗಳ ಹಂಚಿಕೆ ಮೊದಲಾದುವನ್ನು ಅಂಕಿಸಂಖ್ಯೆಗಳಾಗಿ ಬರೆದಿಟ್ಟುಕೊಂಡು, ಹುಡುಕುವ ಹತ್ತಿರದ ದಾರಿಯನ್ನು ಅವುಗಳಿಂದ ಆರಿಸುತ್ತದೆ. ಮೇಲಿನ ದೃಷ್ಟಾಂತದಲ್ಲಿ ಮೂಲವ್ಯವಸ್ಥೆಯ ಜತೆಗೆ ಪೋಸ್ಟ್‌ಗ್ರೆಸ್ಸೂ ೧೦ನೆಯ ಆವೃತ್ತಿಯಿಂದ ೧೨ಕ್ಕೆ ಏರುತ್ತದೆ. ೨೦೨೫ರಲ್ಲಿ ೧೮ನೆಯ ಆವೃತ್ತಿಯು ಬರುವವರೆಗೆ, ಅದರ ನವೀಕರಣ ಸಾಧನವು ಈ ಅಂಕಿಸಂಖ್ಯೆಗಳನ್ನು ಹೊಸ ಆವೃತ್ತಿಗೆ ಒಯ್ಯುತ್ತಿರಲಿಲ್ಲ. ಊರನ್ನರಿಯದ ಹೊಸ ಅಂಚೆಯವನಂತೆ ಡೇಟಾಬೇಸು ಒಂದು ಪುಸ್ತಕಕ್ಕಾಗಿ ಇಡೀ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದತೊಡಗಬಹುದು. ‘ಅನಲೈಸ್’ ಎಂಬ ಒಂದೇ ಆಜ್ಞೆಯಿಂದ ಅಂಕಿಸಂಖ್ಯೆಗಳು ಮತ್ತೆ ಸಿದ್ಧವಾಗುತ್ತವೆ, ಶ್ರಮವೂ ಇಳಿಯುತ್ತದೆ.

ಮೂರನೆಯದು ಬದಲಾದ ಪೂರ್ವನಿರ್ಣಯ. ಕೆಲವು ಪ್ರಶ್ನೆಗಳನ್ನು ಆಗಿಂದಾಗಲೇ ಯಂತ್ರಭಾಷೆಗೆ ತಿರುಗಿಸಿ ಉತ್ತರಿಸುವ ‘ಜಿಟ್’ ಎಂಬ ವಿಧಾನವು ಪೋಸ್ಟ್‌ಗ್ರೆಸ್ಸಿನ ೧೧ನೆಯ ಆವೃತ್ತಿಯಲ್ಲಿ ಮೊದಲು ಬಂದಿತು. ೨೦೧೯ರ ೧೨ನೆಯ ಆವೃತ್ತಿಯಲ್ಲಿ ಯಾರೂ ಕೇಳದೆಯೇ ಜಾರಿಯಲ್ಲಿರುವಂತಾಯಿತು. ದೊಡ್ಡ ಪ್ರಶ್ನೆಗಳಿಗೆ ಇದು ಲಾಭ. ಆದರೆ ಸಣ್ಣ ಪ್ರಶ್ನೆಯನ್ನು ದೊಡ್ಡದೆಂದು ಡೇಟಾಬೇಸು ತಪ್ಪೆಣಿಸಿದರೆ, ಉತ್ತರಕ್ಕಿಂತ ಸಿದ್ಧತೆಗೇ ಹೆಚ್ಚು ಹೊತ್ತು ಹಿಡಿಯುತ್ತದೆ.

ನಾಲ್ಕನೆಯದು ರಕ್ಷಣೆಯ ಬೆಲೆ. ೨೦೧೮ರ ಜನವರಿಯಲ್ಲಿ ‘ಮೆಲ್ಟ್‌ಡೌನ್’, ‘ಸ್ಪೆಕ್ಟರ್’ ಎಂಬ ಪ್ರೊಸೆಸರ್ ದೋಷಗಳು ಪ್ರಕಟವಾದುವು. ಮೊದಲನೆಯದಕ್ಕೆ ಪರಿಹಾರವಾಗಿ ಕರ್ನೆಲಿನ ಸ್ಮೃತಿಯನ್ನು ಇತರ ಕಾರ್ಯಕ್ರಮಗಳಿಗೆ ಕಾಣದಂತೆ ಬೇರ್ಪಡಿಸಬೇಕಾಯಿತು. ಅಲ್ಲಿಂದ ಮುಂದೆ ಕಾರ್ಯಕ್ರಮವು ಕರ್ನೆಲನ್ನು ಕರೆದಾಗಲೆಲ್ಲ ಒಂದು ಗೋಡೆಯನ್ನು ದಾಟಿ ಹೋಗಿಬರುವ ಶ್ರಮವು ಸೇರಿಕೊಂಡಿತು. ಪದೇ ಪದೇ ಕರೆಯುವ ಕಾರ್ಯಕ್ರಮಗಳಿಗೆ ನಷ್ಟ ಹೆಚ್ಚು, ತಮ್ಮಷ್ಟಕ್ಕೆ ಲೆಕ್ಕಮಾಡುವವಕ್ಕೆ ಕಡಮೆ. ಇದು ದೋಷವಲ್ಲ, ಸುಂಕ, ತಿಳಿದು ತೆರತಕ್ಕದ್ದು.

೩. ಕಾಕತಾಳೀಯ

ಕಾಗೆ ಕೂತಿತು, ತಾಳೆಯ ಹಣ್ಣು ಬಿದ್ದಿತು. ಕಾಗೆಯೇ ಬೀಳಿಸಿತೆಂದು ಹೇಳಲಾಗದು; ಇಂತಹ ಆಕಸ್ಮಿಕ ಹೊಂದಿಕೆಯೇ ಕಾಕತಾಳೀಯ. ನವೀಕರಣದ ತರುವಾಯ ಕಂಡದ್ದೆಲ್ಲ ನವೀಕರಣದಿಂದಲೇ ಆದುದಲ್ಲ. ಇದಕ್ಕೆ ೨೦೧೨ರ ಒಂದು ಘಟನೆಯು ಒಳ್ಳೆಯ ನಿದರ್ಶನ. ಭೂಮಿಯ ಭ್ರಮಣಕ್ಕೆ ಗಡಿಯಾರಗಳನ್ನು ಸರಿಹೊಂದಿಸುವುದಕ್ಕಾಗಿ ಆ ವರ್ಷದ ಜೂನ್ ೩೦ರ ಕೊನೆಗೆ, ಭಾರತದ ಕಾಲಮಾನದಲ್ಲಿ ಜುಲೈ ೧ರ ಬೆಳಗಿನ ಐದೂವರೆಗೆ, ಒಂದು ಅಧಿಕ ಸೆಕೆಂಡನ್ನು ಸೇರಿಸಲಾಯಿತು. ಲಿನಕ್ಸ್ ಕರ್ನೆಲಿನ ಹಲವು ಆವೃತ್ತಿಗಳಲ್ಲಿದ್ದ ಒಂದು ದೋಷದಿಂದ, ಒಳಗಿನ ಎರಡು ಗಡಿಯಾರಗಳಿಗೆ ಒಂದು ಸೆಕೆಂಡಿನ ಅಂತರ ಬಿದ್ದಿತು. ಸ್ವಲ್ಪ ಹೊತ್ತು ಮಲಗಿರಬೇಕೆಂದಿದ್ದ ಕೆಲಸಗಳು ಮಲಗಿದೊಡನೆಯೇ ಎದ್ದು, ಮತ್ತೆ ಮಲಗಿ, ಮತ್ತೆ ಎದ್ದು ಪ್ರೊಸೆಸರನ್ನು ದಣಿಸಿದುವು. ಜಗತ್ತಿನ ನಾನಾ ಕಡೆಯ ಸರ್ವರುಗಳು ಹೀಗೆ ಬಳಲಿದುವು. ಗಡಿಯಾರಕ್ಕೆ ಅದೇ ವೇಳೆಯನ್ನು ಮತ್ತೊಮ್ಮೆ ಇಟ್ಟೊಡನೆ ಶ್ರಮವು ಇಳಿಯಿತು. ಹಿಂದಿನ ದಿನ ನವೀಕರಣ ಮಾಡಿದವನು ಅದನ್ನೇ ದೂರಿ ಹಳೆಯ ಆವೃತ್ತಿಗೆ ಮರಳಿದ್ದರೆ, ಯಂತ್ರವನ್ನು ಪುನಃ ಹೊರಡಿಸಿದ ಕಾರಣದಿಂದ ಶ್ರಮವು ನಿಲ್ಲುತ್ತಿತ್ತು. ತಪ್ಪು ತೀರ್ಮಾನವು ಇನ್ನೂ ಗಟ್ಟಿಯಾಗುತ್ತಿತ್ತು.

ಇದನ್ನು ತಡೆಯುವ ಉಪಾಯವು ನಮ್ಮ ಶಾಸ್ತ್ರಕಾರರಿಗೆ ತಿಳಿದಿದ್ದ ಅನ್ವಯ ವ್ಯತಿರೇಕವೇ. ಕಾರಣವಿದ್ದಲ್ಲಿ ಕಾರ್ಯವಿರಬೇಕು, ಕಾರಣವಿಲ್ಲದಲ್ಲಿ ಕಾರ್ಯವೂ ಇರಬಾರದು. ಮೊದಲು ನವೀಕರಣಕ್ಕೆ ಮುಂಚಿನ ಒಂದು ವಾರದ ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ‘ಹೆಚ್ಚು’ ಎಂಬ ಮಾತಿಗೆ ‘ಯಾವುದಕ್ಕಿಂತ’ ಎಂಬ ಆಧಾರವು ಅದರಿಂದಲೇ ದೊರೆಯುವುದು. ಶ್ರಮ ಕಂಡಾಗ ಯಾವ ಕೆಲಸ, ಯಾವ ಪಾಲು, ಯಾವ ಗಳಿಗೆಯಿಂದ ಎಂಬ ಮೂರನ್ನು ಯಂತ್ರವನ್ನು ನಿಲ್ಲಿಸುವ ಮೊದಲೇ ಬರೆದುಕೊಳ್ಳಬೇಕು. ನಿಲ್ಲಿಸಿದೊಡನೆ ಸಾಕ್ಷ್ಯದಲ್ಲಿ ಬಹುಭಾಗವು ಅಳಿಯುತ್ತದೆ. ತರುವಾಯ ಒಂದು ಸಲಕ್ಕೆ ಒಂದೇ ಬದಲಾವಣೆ: ಜಿಟ್ಟನ್ನು ಆರಿಸಿ ನೋಡುವುದು, ಅಥವಾ ಅಂಕಿಸಂಖ್ಯೆಗಳನ್ನು ಕೂಡಿಸಿ ನೋಡುವುದು, ಅಥವಾ ಹಳೆಯ ಕರ್ನೆಲಿನಿಂದ ಹೊರಟು ನೋಡುವುದು. ಮೂರನ್ನೂ ಒಟ್ಟಿಗೆ ಮಾಡಿ ಗುಣ ಕಂಡರೆ, ಗುಣ ಬಂದೀತೇ ಹೊರತು ಜ್ಞಾನ ಬಾರದು. ಹಲವು ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದಕರಿಗೆ ಈ ಸಂಯಮವು ಹೊಸತಲ್ಲ.

೪. ಅಕಾರಾದಿಯ ಅಪಾಯ

ಇದುವರೆಗೆ ಹೇಳಿದುವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳು. ಇವುಗಳ ಗದ್ದಲದಲ್ಲಿ ಕಾಣದೆ ಉಳಿಯುವ ಒಂದು ತೊಂದರೆಯುಂಟು; ವಿದ್ವಾಂಸರಿಗೆ ಮುಖ್ಯವಾದುದು ಅದೇ.

ಡೇಟಾಬೇಸಿನ ಸೂಚಿಯು ನಿಘಂಟಿನಂತೆ ಕ್ರಮಬದ್ಧವಾದುದು. ಹುಡುಕುವಾಗ ನಡುಪುಟವನ್ನು ತೆರೆದು, ಬೇಕಾದ ಪದವು ಹಿಂದಿದೆಯೋ ಮುಂದಿದೆಯೋ ಎಂದು ನಿರ್ಣಯಿಸಿ, ಉಳಿದರ್ಧವನ್ನು ಕೈಬಿಡುತ್ತದೆ. ಈ ಕ್ರಮವೇ ಬೇರೆಯಾದರೆ ಆಗುವ ಕೇಡನ್ನು ಕನ್ನಡದ ಉದಾಹರಣೆಯಿಂದಲೇ ತಿಳಿಯಬಹುದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ತರುವಾಯ ಬರುತ್ತದೆ. ಯೂನಿಕೋಡಿನ ಸಂಕೇತಗಳ ಸಂಖ್ಯಾಕ್ರಮದಲ್ಲಿಯಾದರೋ ಅದು ಲಕಾರದ ಬೆನ್ನಿಗೇ ಇದೆ. ಹಳಗನ್ನಡದ ೞಕಾರವು ಸ್ವರಚಿಹ್ನೆಗಳನ್ನೂ ದಾಟಿ ದೂರದಲ್ಲಿದೆ. ವರ್ಣಮಾಲೆಯ ಕ್ರಮದಲ್ಲಿ ಅಚ್ಚಾದ ನಿಘಂಟಿನಲ್ಲಿ ಸಂಖ್ಯಾಕ್ರಮವನ್ನು ನಂಬಿ ಳಕಾರವನ್ನು ಅರಸುವವನು ವಕಾರದ ಪುಟಕ್ಕೆ ಬಂದೊಡನೆ ‘ದಾಟಿತು, ಇಲ್ಲ’ ಎಂದು ಪುಸ್ತಕವನ್ನು ಮುಚ್ಚುತ್ತಾನೆ. ಪದವು ಮುಂದೆ ಇದ್ದೇ ಇರುತ್ತದೆ.

೨೦೧೮ರ ಆಗಸ್ಟಿನಲ್ಲಿ ಹೊರಬಂದ ‘ಜಿಲಿಬ್‌ಸಿ’ ೨.೨೮ ಎಂಬ ಲಿನಕ್ಸಿನ ಆಧಾರಗ್ರಂಥಾಲಯವು ಪದಗಳ ಅನುಕ್ರಮವನ್ನು ಹೊಸ ಅಂತರರಾಷ್ಟ್ರೀಯ ಪ್ರಮಾಣಕ್ಕೆ ಅನುಸಾರವಾಗಿ ಬದಲಿಸಿತು. ಇಂಗ್ಲಿಷ್ ಅಂಕಿಗಳಲ್ಲಿ ಬರೆದ ‘೧-೧’, ‘೧೧’ ಎಂಬ ಎರಡು ಗುರುತುಗಳಲ್ಲಿ ಹಿಂದೆ ಎರಡನೆಯದು ಮೊದಲಾಗುತ್ತಿತ್ತು. ಈಗ ಮೊದಲನೆಯದು ಮೊದಲು. ಪುಸ್ತಕಗಳ ಕ್ರಮಾಂಕಗಳಲ್ಲಿ ಅಡ್ಡಗೆರೆಯು ಎಷ್ಟು ಸಾಮಾನ್ಯವೆಂಬುದನ್ನು ಗ್ರಂಥಪಾಲಕರು ಬಲ್ಲರು. ದೃಷ್ಟಾಂತದ ಕಾಲೇಜು ದಾಟಿದ ಗಡಿ ಇದೇ. ಹಳೆಯ ಕ್ರಮದಲ್ಲಿ ಬರೆದ ಸೂಚಿಯನ್ನು ಹೊಸ ಕ್ರಮದಲ್ಲಿ ಹುಡುಕಿದಾಗ, ಕಪಾಟಿನಲ್ಲಿ ಇರುವ ಗ್ರಂಥಕ್ಕೂ ‘ಇಲ್ಲ’ ಎಂಬ ಉತ್ತರ ಬರಬಹುದು. ಆಗ ಪ್ರೊಸೆಸರಿಗೆ ಶ್ರಮವಿಲ್ಲ. ಉತ್ತರವೂ ಶೀಘ್ರವಾಗಿ ಬರುತ್ತದೆ. ಆದರೆ ಅದು ಸುಳ್ಳು. ಈಚಿನ ಪೋಸ್ಟ್‌ಗ್ರೆಸ್ ಆವೃತ್ತಿಗಳು ಇಂತಹ ಭೇದವನ್ನು ಕಂಡಾಗ ಎಚ್ಚರಿಕೆಯನ್ನು ಬರೆಯುತ್ತವೆ. ಅದನ್ನು ಓದುವವರು ಬೇಕು.

ಇದಕ್ಕೆ ಮದ್ದು ‘ರೀಇಂಡೆಕ್ಸ್’, ಎಂದರೆ ಸೂಚಿಗಳನ್ನು ಹೊಸದಾಗಿ ಕಟ್ಟುವುದು. ದೊಡ್ಡ ಸಂಗ್ರಹಗಳಲ್ಲಿ ಇದಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಅಷ್ಟು ಹೊತ್ತೂ ಪ್ರೊಸೆಸರಿನ ಅಂಕಿಯು ಮೇಲೆಯೇ ಇರುತ್ತದೆ. ಅಂಕಿಯನ್ನು ಕಂಡು ಗಾಬರಿಯಾದವನು ಅದನ್ನು ನಡುವೆ ಕೊಂದರೆ ಹಳೆಯ ಸೂಚಿ ಹಾಗೆಯೇ ಉಳಿಯುತ್ತದೆ. ಯಂತ್ರವು ತಣ್ಣಗಾಗುತ್ತದೆ, ಸುಳ್ಳು ಮುಂದುವರಿಯುತ್ತದೆ.

ಆದುದರಿಂದ ನವೀಕರಣದ ಬಳಿಕ ಶ್ರಮವು ಕಂಡಾಗ ಕೇಳತಕ್ಕ ಪ್ರಶ್ನೆ ‘ಎಷ್ಟು’ ಎಂಬುದಲ್ಲ. ಯಾರ ಶ್ರಮ, ಯಾತಕ್ಕಾಗಿ, ಮುಗಿಯತಕ್ಕದ್ದೋ ಅಲ್ಲವೋ ಎಂಬುದು. ಹಾಗೆಯೇ ಶ್ರಮವು ಕಾಣದಾಗಲೂ, ಇದೆಯೆಂದು ಖಚಿತವಾಗಿ ಬಲ್ಲ ಹತ್ತಾರು ಗ್ರಂಥಗಳನ್ನು ಹುಡುಕಿ ನೋಡಿ, ಯಂತ್ರವು ಅವನ್ನೆಲ್ಲ ತೋರಿಸುವುದೇ ಎಂದು ಪರೀಕ್ಷಿಸಬೇಕು. ಈ ಎರಡನೆಯ ಪರೀಕ್ಷೆಗೆ ಯಂತ್ರಜ್ಞನಿಗಿಂತ ಗ್ರಂಥಗಳನ್ನು ಬಲ್ಲವನೇ ಹೆಚ್ಚು ಅರ್ಹನು. ತಡವಾಗಿ ಬಂದ ಸರಿಯುತ್ತರದಿಂದ ಸಂಶೋಧನೆಗೆ ಒಂದು ಗಳಿಗೆಯ ನಷ್ಟ; ಬೇಗ ಬಂದ ತಪ್ಪುತ್ತರದಿಂದ ಒಂದು ಗ್ರಂಥವೇ ನಷ್ಟ.