ಕೈ ಹಿಡಿದು ಕಲಿಸುವ ಡಿಸೆಕ್ಷನ್ ಹಾಲ್

ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ, ಮಣಿಕಟ್ಟನ್ನು ತುಸು ಒಳಕ್ಕೆ ಬಗ್ಗಿಸಿ ನೋಡಿ. ನಡುವೆ ಎದ್ದು ಕಾಣುವ ಸ್ನಾಯುರಜ್ಜು ಪಾಲ್ಮಾರಿಸ್ ಲಾಂಗಸ್‌ನದು. ಕೆಲವರಿಗೆ ಅದು ಇರುವುದೇ ಇಲ್ಲ, ಇಲ್ಲದಿದ್ದರೆ ಕೈಗೇನೂ ಊನವಿಲ್ಲ. ಪುಸ್ತಕದ ಚಿತ್ರದಲ್ಲಿ ಮಾತ್ರ ಎಲ್ಲರಿಗೂ ಇರುತ್ತದೆ. ಎಂಬಿಬಿಎಸ್ ಮೊದಲ ವರ್ಷದವರು ಕಣ್ಣುರಿಸುವ ಫಾರ್ಮಲಿನ್ ವಾಸನೆಯಲ್ಲಿ ಮೇಜಿನ ಸುತ್ತ ನಿಲ್ಲುವುದು ಇಂಥದ್ದನ್ನು ಕಂಡುಕೊಳ್ಳಲಿಕ್ಕೇ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಕಡೆಯವರಿಗೆ ಡಾಕ್ಟರ್ ಓದೆಂದರೆ ಬಹುಕಾಲ ಬಳ್ಳಾರಿಯೇ. 1961ರಲ್ಲಿ ಶುರುವಾದ ಅಲ್ಲಿನ ವೈದ್ಯಕೀಯ ಕಾಲೇಜನ್ನು ಜನ ಈಗಲೂ ವಿಮ್ಸ್ ಎಂದೇ ಕರೆಯುತ್ತಾರೆ. ಈಚೆಗೆ ಕೊಪ್ಪಳದಲ್ಲೂ ಸರ್ಕಾರಿ ಕಾಲೇಜಾಗಿದೆ. ಗಣಿ ಸೀಮೆಯಲ್ಲಿ ಯಂತ್ರಕ್ಕೆ ಕೈ ಸಿಲುಕಿಸಿಕೊಂಡವರು ಕೊನೆಗೆ ಹೋಗಿ ಸೇರುವುದೂ ಇಂಥ ದೊಡ್ಡಾಸ್ಪತ್ರೆಗೇ. ಮಣಿಕಟ್ಟಿನಲ್ಲಿ ಪಾಲ್ಮಾರಿಸ್ ಸ್ನಾಯುರಜ್ಜಿನ ಹಿಂದೆಯೇ ಮೀಡಿಯನ್ ನರ ಹಾದುಹೋಗುತ್ತದೆ. ರಕ್ತ ತುಂಬಿದ ಗಾಯದಲ್ಲಿ ಒಂದನ್ನು ಇನ್ನೊಂದೆಂದು ತಿಳಿದರೆ ಮುಗಿಯಿತು, ಹೆಬ್ಬೆರಳಿನ ಕಸುವು ಹೋದಂತೆ.

ಈ ವ್ಯತ್ಯಾಸ ಹೇಳಿಕೊಟ್ಟರೆ ಬರುವುದಿಲ್ಲ, ಮುಟ್ಟಿ ತಿಳಿಯಬೇಕು. ಹೊಸಬರು ಮೊದಲ ದಿನ ಬ್ಲೇಡನ್ನು ಆಳಕ್ಕೆ ಇಳಿಸಿಬಿಡುತ್ತಾರೆ, ಚರ್ಮದ ಜತೆ ಅದರಡಿಯ ಸಣ್ಣ ನರಗಳೂ ಹೋಗುತ್ತವೆ. ಪಳಗಿದ ಮೇಷ್ಟ್ರು ಬ್ಲೇಡ್ ಕೆಳಗಿಡಿಸಿ ಫೋರ್ಸೆಪ್ಸ್, ಕತ್ತರಿ ಕೊಡುತ್ತಾರೆ. ಕತ್ತರಿಯ ಮುಚ್ಚಿದ ತುದಿಯನ್ನು ಒಳಗಿಟ್ಟು ಮೆಲ್ಲಗೆ ತೆರೆಯಬೇಕು. ಬಟ್ಟೆ ಹರಿಯದಂತೆ ಹಳೆ ಕೌದಿಯ ಹೊಲಿಗೆ ಬಿಚ್ಚುವಷ್ಟೇ ತಾಳ್ಮೆ ಇದಕ್ಕೂ ಬೇಕು. ಕಂಕುಳಿನ ಕೊಬ್ಬು ಸರಿಸುತ್ತ ಹೋದರೆ ಬ್ರೇಕಿಯಲ್ ಪ್ಲೆಕ್ಸಸ್ ಹೊರಬರುತ್ತದೆ, ಕೈಗೆ ಹೋಗುವ ನರಗಳ ಜಾಲ. ಒಬ್ಬ ಬಿಡಿಸಿದ್ದನ್ನು ಅವನೇ ಉಳಿದವರಿಗೆ ವಿವರಿಸಬೇಕು ಎಂದು ಪಟ್ಟು ಹಿಡಿಯುವ ಮೇಷ್ಟ್ರ ಬ್ಯಾಚು ವೈವಾಗೆ ಹೆದರುವುದು ಕಡಿಮೆ.

ಸೀನಿಯರ್‌ಗಳ ಪಾಲೂ ಚಿಕ್ಕದಲ್ಲ. ಹಾಸ್ಟೆಲ್ ಕೋಣೆಯಲ್ಲಿ ಬೋನ್ ಸೆಟ್ ಹರಡಿಕೊಂಡು, ಜೂನಿಯರ್ ಕೈಗೊಂದು ಕೊರಳೆಲುಬು ಕೊಟ್ಟು, ಎಡದ್ದೋ ಬಲದ್ದೋ ಎಂದು ಕಾಡುವವರು ಅವರೇ. (ಆ ಕಾಟವನ್ನು ರ‍್ಯಾಗಿಂಗ್ ಎಂದು ಯಾರೂ ದೂರಿಲ್ಲ!)

ಆದರೆ ಮೇಷ್ಟ್ರಿದ್ದರೆ ಸಾಲದು, ಮೇಜಿನ ಮೇಲೆ ದೇಹ ಬೇಕು. 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮ ಮೃತದೇಹವನ್ನು ಮೊದಲ ಗುರು ಎಂದೇ ಕರೆದಿದೆ. 1957ರ ಕರ್ನಾಟಕದ ಕಾಯ್ದೆಯಡಿ ವಾರಸುದಾರರಿಲ್ಲದ ಶವಗಳು ಕಾಲೇಜಿಗೆ ಬರುತ್ತವೆ. ನನ್ನ ಮಟ್ಟಿಗೆ, ದಿಕ್ಕಿಲ್ಲದೆ ಸತ್ತವರ ಮೇಲೆಯೇ ನಮ್ಮ ಡಾಕ್ಟರುಗಳು ಕಲಿಯಲಿ ಎಂದು ಬಿಟ್ಟುಕೊಂಡಿರುವುದು ನಾಚಿಕೆಗೇಡು. ಬೆಳಗಾವಿಯಲ್ಲಿ ಅಂಗರಚನಾ ಶಾಸ್ತ್ರದ ಅಧ್ಯಾಪಕ ಡಾ. ಮಹಾಂತೇಶ ರಾಮಣ್ಣವರ 2010ರಲ್ಲಿ ವಿದ್ಯಾರ್ಥಿಗಳೆದುರು ಛೇದಿಸಿದ್ದು ಸ್ವಂತ ತಂದೆಯ ದೇಹವನ್ನು. ವೈದ್ಯರಾಗಿದ್ದ ಆ ತಂದೆಯ ಇಚ್ಛೆಯೇ ಅದಾಗಿತ್ತು.

ಇಂಥ ದಾನದ ಮಾತು ನಮ್ಮ ಕಡೆಗೆ ಹೊಸದಲ್ಲ. ನಟ ಪುನೀತ್ ರಾಜ್‌ಕುಮಾರ್, ಅಂದರೆ ಅಪ್ಪು ಪುತ್ಥಳಿ ನಿಲ್ಲಿಸಿದ ಊರು ಹೊಸಪೇಟೆ. 2021ರಲ್ಲಿ ತೀರಿಕೊಂಡ ಪುನೀತ್ ಕಣ್ಣುಗಳು ನಾಲ್ವರಿಗೆ ಬೆಳಕಾದದ್ದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಕಣ್ಣು ಕೊಟ್ಟ ಮೇಲೂ ದೇಹ ಕೊಡಬಹುದು ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ. ಹತ್ತಿರದ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಅರ್ಜಿ ಸಿಗುತ್ತದೆ. ಪೋಸ್ಟ್‌ಮಾರ್ಟಂ ಆದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ತಡಮಾಡದೆ ತಲುಪಿಸುವ ಹೊಣೆ ಮನೆಯವರದು. ಹಾಗಾಗಿ ಅರ್ಜಿ ತುಂಬುವ ಮೊದಲು ಮನೆಯವರನ್ನು ಕೂರಿಸಿಕೊಂಡು ಮಾತಾಡಿ, ಒಪ್ಪಿಸಿ.