ಸಂಶೋಧನಾಲಯವು ಊರಾದ ಬಗೆ: ಹೋಮ್‌ಡೆಲ್ ಆವರಣದ ಪುನರಭಿವೃದ್ಧಿ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಹೋಮ್‌ಡೆಲ್ ಎಂಬ ಸಣ್ಣ ಊರಿದೆ. ಅಲ್ಲಿನ ಹೊಲಗದ್ದೆಗಳ ನಡುವೆ 472 ಎಕರೆ ವಿಸ್ತಾರದ ಒಂದು ಆವರಣ, ಆ ಆವರಣದ ನಡುವೆ ಸುಮಾರು 20 ಲಕ್ಷ ಚದರ ಅಡಿಗಳ ಒಂದೇ ಒಂದು ಕಟ್ಟಡ. ಜಗತ್ಪ್ರಸಿದ್ಧವಾದ ಬೆಲ್ ಪ್ರಯೋಗಾಲಯಗಳ ಪ್ರಮುಖ ಕೇಂದ್ರಗಳಲ್ಲಿ ಇದು ಒಂದಾಗಿತ್ತು. ಉಚ್ಛ್ರಾಯದ ದಿನಗಳಲ್ಲಿ ಸುಮಾರು 6,000 ಮಂದಿ ವಿಜ್ಞಾನಿಗಳು, ಎಂಜಿನಿಯರುಗಳು ಹಾಗೂ ಇತರ ನೌಕರರು ಇಲ್ಲಿ ದುಡಿಯುತ್ತಿದ್ದರು. 2007ರಲ್ಲಿ ಕೊನೆಯ ನೌಕರರೂ ಹೊರನಡೆದ ಮೇಲೆ ಆರು ವರ್ಷಗಳ ಕಾಲ ಈ ಕಟ್ಟಡ ಪಾಳುಬಿದ್ದಿತ್ತು. ಇಂದು ಅದೇ ಕಟ್ಟಡದಲ್ಲಿ ಕಚೇರಿಗಳು, ಅಂಗಡಿಗಳು, ಉಪಾಹಾರ ಗೃಹಗಳು, ಊರಿನ ಗ್ರಂಥಾಲಯ ನಡೆಯುತ್ತಿವೆ. ಸುತ್ತಲಿನ ನೆಲದಲ್ಲಿ ಮನೆಗಳು ಎದ್ದಿವೆ. ಒಂದೇ ಉದ್ದೇಶಕ್ಕೆ ಕಟ್ಟಿದ ಬೃಹತ್ ಆವರಣವೊಂದನ್ನು ಹಲವು ಉದ್ದೇಶಗಳ ನೆರೆಹೊರೆಯಾಗಿ ಮಾರ್ಪಡಿಸುವುದು ಹೇಗೆ, ಅದರಲ್ಲಿ ಗಳಿಸುವುದೇನು, ಕಳೆದುಕೊಳ್ಳುವುದೇನು ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಈ ನೆಲದ ಹಿರಿಮೆ ಕಟ್ಟಡಕ್ಕಿಂತ ಹಳೆಯದು. 1930ರ ದಶಕದ ಆರಂಭದಲ್ಲಿ ಇಲ್ಲಿ ಬಯಲು ಪ್ರಯೋಗಶಾಲೆಯೊಂದು ಮಾತ್ರ ಇತ್ತು. ಅಟ್ಲಾಂಟಿಕ್ ಸಾಗರದಾಚೆಗೆ ರೇಡಿಯೋ ಮೂಲಕ ದೂರವಾಣಿ ಮಾತುಕತೆ ನಡೆಸುವಾಗ ಕೇಳಿಬರುತ್ತಿದ್ದ ಗೊರಗೊರ ಸದ್ದಿನ ಮೂಲವನ್ನು ಕಂಡುಹಿಡಿಯುವ ಕೆಲಸವನ್ನು ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರನಿಗೆ ವಹಿಸಲಾಗಿತ್ತು. ಫೋರ್ಡ್ ಕಾರಿನ ಗಾಲಿಗಳ ಮೇಲೆ ತಿರುಗುವ ಉದ್ದನೆಯ ಆಂಟೆನಾ ಒಂದನ್ನು ಆತ ಈ ಬಯಲಿನಲ್ಲಿ ನಿಲ್ಲಿಸಿದ. ಗುಡುಗು ಸಿಡಿಲುಗಳ ಸದ್ದನ್ನು ಬೇರ್ಪಡಿಸಿದ ಮೇಲೂ ಒಂದು ಸಣ್ಣ ಸದ್ದು ಉಳಿದುಕೊಂಡಿತು. ಅದು ಪ್ರತಿದಿನ ನಾಲ್ಕು ನಿಮಿಷ ಮುಂಚಿತವಾಗಿ, ಎಂದರೆ 23 ಗಂಟೆ 56 ನಿಮಿಷಗಳಿಗೊಮ್ಮೆ, ಮರಳಿ ಬರುತ್ತಿತ್ತು. ನಕ್ಷತ್ರಗಳು ಆಕಾಶದಲ್ಲಿ ಮರಳಿ ಅದೇ ಸ್ಥಾನಕ್ಕೆ ಬರಲು ಬೇಕಾಗುವ ಅವಧಿಯೂ ಅಷ್ಟೇ. ಸದ್ದು ಬರುತ್ತಿದ್ದುದು ಭೂಮಿಯಿಂದಲ್ಲ, ಆಕಾಶಗಂಗೆಯ ಮಧ್ಯಭಾಗದಿಂದ! 1933ರಲ್ಲಿ ಪ್ರಕಟವಾದ ಈ ಶೋಧದಿಂದ ರೇಡಿಯೋ ಖಗೋಳಶಾಸ್ತ್ರ ಹುಟ್ಟಿತು. ಮುಂದೆ ಮೊಬೈಲ್ ದೂರವಾಣಿಯ ವ್ಯವಸ್ಥೆಯನ್ನು ರೂಪಿಸುವ ಕೆಲಸವೂ ಇಲ್ಲಿ ನಡೆಯಿತು. ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣಿಸುವ ವಿಧಾನವನ್ನು ಸ್ಟೀವನ್ ಚೂ 1985ರಲ್ಲಿ ಸಾಧಿಸಿ ತೋರಿಸಿದ್ದು ಇಲ್ಲಿಯೇ. ಅದಕ್ಕಾಗಿ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕನ್ನಡಿಯ ಕಟ್ಟಡ

ಈಗಿರುವ ಕಟ್ಟಡವನ್ನು ರೂಪಿಸಿದವರು ಫಿನ್‌ಲೆಂಡ್ ಮೂಲದ ಪ್ರಖ್ಯಾತ ವಾಸ್ತುಶಿಲ್ಪಿ ಏರೋ ಸಾರಿನೆನ್. ಕಟ್ಟಡ 1962ರಲ್ಲಿ ತೆರೆಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ. ಹೊರಗೋಡೆಗಳಿಗೆ ಕನ್ನಡಿಯಂತೆ ಹೊಳೆಯುವ ಗಾಜನ್ನು ಹೊದಿಸಿದ ಮೊದಮೊದಲ ಬೃಹತ್ ಕಟ್ಟಡಗಳಲ್ಲಿ ಇದು ಒಂದು. ಬಿಸಿಲಿನ ಕಾವನ್ನು ಹಿಂದಕ್ಕೆ ಪ್ರತಿಫಲಿಸುವುದು ಆ ಗಾಜಿನ ಉದ್ದೇಶ. ಇಂದು ನಮ್ಮ ನಗರಗಳಲ್ಲಿ ಎಲ್ಲೆಲ್ಲೂ ಕಾಣುವ ಗಾಜಿನ ಕಚೇರಿಗಳ ವಂಶವೃಕ್ಷವನ್ನು ಬಿಡಿಸಿದರೆ ಬೇರಿನ ಬಳಿ ಈ ಕಟ್ಟಡ ಸಿಕ್ಕೀತು. ಒಳಗೆ ಹೋದರೆ ಉದ್ದಕ್ಕೂ ಚಾಚಿದ ಎತ್ತರವಾದ ನಡುಮನೆ, ಅದರ ಮೇಲೆ ಗಾಜಿನ ಛಾವಣಿ, ಎರಡೂ ಪಕ್ಕಗಳಲ್ಲಿ ಸಾಲುಸಾಲಾಗಿ ಪ್ರಯೋಗಶಾಲೆಗಳು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಹೊರಗಿನ ಗಾಜಿಗೆ ತಾಗಿದ್ದುದು ಓಡಾಡುವ ಮೊಗಸಾಲೆಗಳು. ವಿಜ್ಞಾನಿಗಳ ಕೊಠಡಿಗಳು ಅವುಗಳ ಹಿಂದೆ, ಕಿಟಕಿಗಳಿಲ್ಲದೆ ಇದ್ದವು. ನೋಟ ನಡೆಯುವವರ ಪಾಲಿಗೆ, ಗೋಡೆ ಕುಳಿತು ಕೆಲಸ ಮಾಡುವವರ ಪಾಲಿಗೆ. ಹೊರಜಗತ್ತನ್ನು ಮರೆತು ಕೆಲಸ ಮಾಡಬೇಕೆಂಬ ಧೋರಣೆ ಆ ವಿನ್ಯಾಸದಲ್ಲಿಯೇ ಎದ್ದು ಕಾಣುತ್ತದೆ. ಇಂತಹುದೇ ಕಚೇರಿಯ ಕಥೆಯುಳ್ಳ ‘ಸೆವರೆನ್ಸ್’ ಎಂಬ ದೂರದರ್ಶನ ಧಾರಾವಾಹಿಯನ್ನು 2022ರ ವೇಳೆಗೆ ಇಲ್ಲಿಯೇ ಚಿತ್ರೀಕರಿಸಿದರು ಎಂದರೆ ಆಶ್ಚರ್ಯವೇನೂ ಇಲ್ಲ.

ಆವರಣದ ಪ್ರವೇಶದಲ್ಲಿರುವ ಮೂರು ಕಾಲಿನ ನೀರಿನ ತೊಟ್ಟಿಯನ್ನು ಟ್ರಾನ್ಸಿಸ್ಟರಿನ ಆಕಾರದಲ್ಲಿ ಕಟ್ಟಲಾಗಿದೆ. ಟ್ರಾನ್ಸಿಸ್ಟರನ್ನು ಜಗತ್ತಿಗೆ ಕೊಟ್ಟ ಸಂಸ್ಥೆಗೆ ಅಷ್ಟು ಹೆಮ್ಮೆ ಸಲ್ಲತಕ್ಕದ್ದೇ.

1984ರಲ್ಲಿ ಎ.ಟಿ. ಅಂಡ್ ಟಿ. ಕಂಪನಿಯ ಏಕಸ್ವಾಮ್ಯವನ್ನು ಒಡೆಯಲಾಯಿತು. ಪ್ರಯೋಗಾಲಯಗಳು 1996ರಲ್ಲಿ ಲೂಸೆಂಟ್ ಕಂಪನಿಗೆ, 2006ರಲ್ಲಿ ವಿಲೀನದ ಮೂಲಕ ಆಲ್ಕಟೆಲ್-ಲೂಸೆಂಟ್‌ಗೆ ಸೇರಿದವು. ಏಕಸ್ವಾಮ್ಯದ ಆದಾಯ ಇದ್ದಾಗ ಫಲ ಎಂದು ಕೈಗೂಡುವುದೋ ತಿಳಿಯದ ಸಂಶೋಧನೆಗೂ ಹಣ ಹರಿಯುತ್ತಿತ್ತು. ಅದು ಹೋದ ಮೇಲೆ ಇಷ್ಟು ದೊಡ್ಡ ಆವರಣ ಭಾರವಾಯಿತು. ಕಟ್ಟಡವನ್ನು ಬಹುಮಟ್ಟಿಗೆ ಕೆಡವಿ ನೆಲವನ್ನು ಬೇರೆ ಉಪಯೋಗಕ್ಕೆ ತರುವ ಯೋಜನೆಯೊಂದು 2006ರಲ್ಲಿ ಹೊರಬಿತ್ತು. ವಿಜ್ಞಾನಿಗಳಿಂದಲೂ ವಾಸ್ತುಶಿಲ್ಪಿಗಳಿಂದಲೂ ಬಲವಾದ ವಿರೋಧ ಬಂದಿತು. ಆ ವ್ಯವಹಾರ ಮುರಿದುಬಿದ್ದಿತು. ಆದರೆ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಸಿಗಲು ವರ್ಷಗಳೇ ಬೇಕಾದವು.

ನೆಲದ ನಿಯಮಗಳು

ಇಂತಹ ಆವರಣವನ್ನು ಮಾರುವುದು ಏಕೆ ಕಷ್ಟ? ಇಷ್ಟು ದೊಡ್ಡ ಕಟ್ಟಡವನ್ನು ಇಡಿಯಾಗಿ ಬಾಡಿಗೆಗೆ ಹಿಡಿಯುವ ಕಂಪನಿ ಈಗ ಸಿಗುವುದಿಲ್ಲ. ಇದು ಮೊದಲನೆಯ ಕಾರಣ. ಎರಡನೆಯದು ಭೂಬಳಕೆಯ ನಿಯಮ. ಇಲ್ಲಿ ವಸತಿ, ಅಲ್ಲಿ ವ್ಯಾಪಾರ, ಮತ್ತೊಂದೆಡೆ ಕಾರ್ಖಾನೆ ಎಂದು ಊರನ್ನು ವಲಯಗಳಾಗಿ ವಿಂಗಡಿಸುವ ಅಧಿಕಾರ ಸ್ಥಳೀಯ ಆಡಳಿತಗಳಿಗೆ ಉಂಟೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1926ರಲ್ಲಿ ತೀರ್ಪು ನೀಡಿತು. ಹೊಗೆಯುಗುಳುವ ಕಾರ್ಖಾನೆಗಳಿಂದ ಮನೆಗಳನ್ನು ದೂರವಿರಿಸುವುದು ಒಳ್ಳೆಯ ಉದ್ದೇಶವೇ. ಕಾಲಕ್ರಮದಲ್ಲಿ ಅದೇ ನಿಯಮದಿಂದ ಮನೆಗೂ ಅಂಗಡಿಗೂ ಕಚೇರಿಗೂ ಮೈಲಿಗಟ್ಟಲೆ ಅಂತರ ಬೆಳೆದು, ಒಂದು ಸೇರು ಹಾಲು ತರಬೇಕಾದರೂ ಕಾರು ಹತ್ತಬೇಕಾದ ಸ್ಥಿತಿ ಬಂದಿತು. ನಮ್ಮ ಊರುಗಳ ಪೇಟೆಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲಿ ಶಾಲೆ ಇರುವುದು ಸಹಜ. ‘ಮಿಶ್ರ ಬಳಕೆ’ ಎಂಬ ಹೆಸರಿನಿಂದ ಪಾಶ್ಚಾತ್ಯ ನಗರ ಯೋಜಕರು ಇಂದು ಮರಳಿ ಕಲಿಯುತ್ತಿರುವುದು ಇದನ್ನೇ. ನಾವಾದರೋ ಇದೇ ಹೊತ್ತಿನಲ್ಲಿ ಅದನ್ನು ಕೈಬಿಟ್ಟು ಬೇಲಿ ಹಾಕಿದ ಬಡಾವಣೆಗಳನ್ನು ಕಟ್ಟುತ್ತಿದ್ದೇವೆ.

ಬಳಕೆ ತಪ್ಪಿದ ನೆಲವನ್ನು ‘ಪುನರಭಿವೃದ್ಧಿಯ ಅಗತ್ಯವುಳ್ಳ ಪ್ರದೇಶ’ ಎಂದು ಘೋಷಿಸಿ, ಅದಕ್ಕೆ ಪ್ರತ್ಯೇಕ ಯೋಜನೆಯನ್ನು ಅಂಗೀಕರಿಸಲು ನ್ಯೂಜೆರ್ಸಿಯ 1992ರ ಶಾಸನ ಊರಾಡಳಿತಗಳಿಗೆ ಅಧಿಕಾರ ನೀಡುತ್ತದೆ. ಹೋಮ್‌ಡೆಲ್‌ನಲ್ಲಿ ಈ ಮಾರ್ಗವನ್ನು ಅನುಸರಿಸಲಾಯಿತು. 2013ರಲ್ಲಿ ಸಾಮರ್ಸೆಟ್ ಡೆವಲಪ್‌ಮೆಂಟ್ ಎಂಬ ಸಂಸ್ಥೆ ಆವರಣವನ್ನು 2 ಕೋಟಿ 70 ಲಕ್ಷ ಡಾಲರುಗಳಿಗೆ ಕೊಂಡಿತು. ಮಾತುಕತೆಯ ತಿರುಳು ಮನೆಗಳ ಸಂಖ್ಯೆಯಾಗಿತ್ತು. ಮನೆಗಳು ಬಂದರೆ ಮಕ್ಕಳು ಬರುತ್ತಾರೆ, ಮಕ್ಕಳು ಬಂದರೆ ಶಾಲೆಯ ವೆಚ್ಚ ಏರುತ್ತದೆ, ಆ ವೆಚ್ಚ ಆಸ್ತಿ ತೆರಿಗೆಯಾಗಿ ತಮ್ಮ ತಲೆಯ ಮೇಲೆ ಬೀಳುತ್ತದೆ ಎಂಬುದು ಅಮೆರಿಕದ ಇಂತಹ ಊರುಗಳ ನಿವಾಸಿಗಳಲ್ಲಿ ಸಾಮಾನ್ಯವಾದ ಅಂಜಿಕೆ. ಕೊನೆಗೆ ಸುತ್ತಲಿನ ನೆಲದಲ್ಲಿ ಕಟ್ಟಿದ್ದು 225 ಮನೆಗಳನ್ನು. ಅವುಗಳಲ್ಲಿ 185 ಮನೆಗಳು 55 ವರ್ಷ ದಾಟಿದವರಿಗೆ ಮೀಸಲು, ಉಳಿದ 40 ದೊಡ್ಡ ಬಿಡಿ ಮನೆಗಳು. 472 ಎಕರೆಗೆ ಇದು ಬಹಳ ಕಡಮೆ ಎಂದೇ ಹೇಳಬೇಕು.

ಕಟ್ಟಡದ ಒಳಗಿನ ಬದಲಾವಣೆ ಮಾತ್ರ ಧೈರ್ಯದ್ದು. ವಾಸ್ತುಶಿಲ್ಪಿ ಅಲೆಕ್ಸಾಂಡರ್ ಗಾರ್ಲಿನ್ ಅವರ ಮಾರ್ಗದರ್ಶನದಲ್ಲಿ ನಡುಮನೆಯನ್ನು ಸಾರ್ವಜನಿಕ ಬೀದಿಯಾಗಿ ಮಾಡಲಾಯಿತು. ಹಿಂದೆ ಗುರುತಿನ ಚೀಟಿ ಇಲ್ಲದೆ ಒಳಗೆ ಕಾಲಿಡುವಂತಿರಲಿಲ್ಲ. ಈಗ ಯಾರು ಬೇಕಾದರೂ ಹೋಗಬಹುದು. ನೆಲಮಹಡಿಯಲ್ಲಿ ಅಂಗಡಿಗಳು, ಊಟ ಉಪಾಹಾರದ ಮಳಿಗೆಗಳು, ಗ್ರಂಥಾಲಯ. ಮೇಲಿನ ಮಹಡಿಗಳಲ್ಲಿ ಒಂದರ ಬದಲು ಹಲವು ಕಂಪನಿಗಳು. ಕೆಲಸದ ವೇಳೆ ಮುಗಿದ ಮೇಲೂ, ವಾರಾಂತ್ಯದಲ್ಲೂ ಮಕ್ಕಳು ಮುದುಕರೆನ್ನದೆ ಜನ ಅಲ್ಲಿ ಸುಳಿದಾಡುತ್ತಾರೆ. 2017ರಲ್ಲಿ ಈ ಕಟ್ಟಡವನ್ನು ರಾಷ್ಟ್ರೀಯ ಚಾರಿತ್ರಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು.

ಸುಸ್ಥಿರತೆಯ ಲೆಕ್ಕ

ಹಳೆಯ ಕಟ್ಟಡವನ್ನು ಉಳಿಸುವುದು ಬರಿಯ ಭಾವನೆಯ ಮಾತೆಂದು ತಿಳಿಯಬಾರದು. ಸಿಮೆಂಟ್ ತಯಾರಿಸಲು ಸುಣ್ಣಕಲ್ಲನ್ನು ಸುಡಬೇಕು. ಸುಡುವ ಇಂಧನದಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಸುಣ್ಣಕಲ್ಲು ಒಡೆದಾಗ ಅದರೊಳಗಿಂದಲೇ ಮತ್ತಷ್ಟು ಹೊರಬರುತ್ತದೆ. ಜಗತ್ತಿನಲ್ಲಿ ಮನುಷ್ಯನ ಚಟುವಟಿಕೆಗಳಿಂದ ಹೊಮ್ಮುವ ಈ ಅನಿಲದಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟ್ ಉದ್ಯಮದ್ದು. ಉಕ್ಕು ಮತ್ತು ಗಾಜಿನ ತಯಾರಿಕೆಗೂ ಅಪಾರ ಕಾವು ಬೇಕು. ಆದ್ದರಿಂದ ನಿಂತಿರುವ ಕಟ್ಟಡವೆಂದರೆ ಆಗಲೇ ವ್ಯಯವಾಗಿರುವ ಶಕ್ತಿಯ ಸಂಗ್ರಹ. ಅದನ್ನು ಕೆಡವಿದರೆ ಆ ಶಕ್ತಿ ಮಣ್ಣುಪಾಲು. ಹೊಸದಾಗಿ ಕಟ್ಟಲು ಮತ್ತೆ ಅಷ್ಟೇ ಶಕ್ತಿ ಬೇಕು. ಹೊಸ ಕಟ್ಟಡ ವಿದ್ಯುತ್ತನ್ನು ಎಷ್ಟೇ ಮಿತವಾಗಿ ಬಳಸಲಿ, ಈ ಮೊದಲ ಸಾಲ ತೀರಲು ಹಲವು ವರ್ಷಗಳು ಹಿಡಿಯುತ್ತವೆ. ಹೋಮ್‌ಡೆಲ್‌ನಲ್ಲಿ ನಡುಮನೆಯ ಗಾಜಿನ ಛಾವಣಿಯನ್ನು ಬದಲಾಯಿಸುವಾಗ ಸುಮಾರು 60,000 ಚದರ ಅಡಿಗಳಷ್ಟು ದ್ಯುತಿವಿದ್ಯುತ್ ಗಾಜನ್ನು ಅಳವಡಿಸಲಾಯಿತು. ಅದು ಬೆಳಕನ್ನು ಒಳಗೆ ಬಿಡುತ್ತದೆ, ಬಿಸಿಲಿನಿಂದ ವಿದ್ಯುತ್ತನ್ನೂ ಉತ್ಪಾದಿಸುತ್ತದೆ. ಅಷ್ಟು ದೊಡ್ಡ ಕಟ್ಟಡದ ಅಗತ್ಯಕ್ಕೆ ಆ ವಿದ್ಯುತ್ತು ಸಾಲದು, ನಿಜ. ಆದರೂ ಹೇಗಿದ್ದರೂ ಹಾಕಲೇಬೇಕಾದ ಛಾವಣಿಯಿಂದ ಎರಡು ಕೆಲಸ ಮಾಡಿಸಿಕೊಂಡದ್ದು ಜಾಣತನ.

ಮಿಶ್ರ ಬಳಕೆಯಲ್ಲಿ ಇನ್ನೊಂದು ಉಳಿತಾಯ ಉಂಟು. ಕಚೇರಿಯವರು ಹಗಲಿನಲ್ಲಿ ಬಳಸಿದ ವಾಹನ ನಿಲುಗಡೆಯ ಜಾಗವನ್ನೇ ಸಂಜೆ ಊಟಕ್ಕೆ ಬಂದವರು ಬಳಸುತ್ತಾರೆ. ಆದರೆ ಇಲ್ಲಿಯೇ ಈ ಯೋಜನೆಯ ದೌರ್ಬಲ್ಯವೂ ಅಡಗಿದೆ. ಆವರಣದ ಬಾಗಿಲಿಗೆ ರೈಲು ಬರುವುದಿಲ್ಲ. ಅಲ್ಲಿ ಕೆಲಸ ಮಾಡುವ ಬಹುಪಾಲು ಜನ ಅಲ್ಲಿನ ಮನೆಗಳಲ್ಲಿ ವಾಸಿಸುವವರಲ್ಲ. ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗುವವರು. ಉಪಾಹಾರ ಗೃಹದಲ್ಲಿ ಬಡಿಸುವ ತರುಣನಿಗೆ ಅಲ್ಲಿ ಮನೆ ಹಿಡಿಯುವುದು ಹೇಗೆ ಸಾಧ್ಯ? ಮನೆ, ಕೆಲಸ, ಸಂಚಾರ ಮೂರೂ ಕೂಡಿದರೆ ಮಾತ್ರ ಸುಸ್ಥಿರ ಸಮುದಾಯ ಎಂಬ ಹೆಸರು ಪೂರ್ತಿಯಾಗಿ ಒಪ್ಪುತ್ತದೆ. ಆ ದೃಷ್ಟಿಯಿಂದ ಇದು ಕಟ್ಟಡದ ಗೆಲುವು. ಊರು ಕಟ್ಟುವುದರಲ್ಲಿ ಅರ್ಧ ದಾರಿ ಮಾತ್ರ ಸಾಗಿದೆ.

ಮುಂಬಯಿಯಲ್ಲಿ ನೆಲೆಸಿರುವ ವಾಚಕರಿಗೆ ಇದನ್ನೋದುವಾಗ ಪರಳ, ಲಾಲ್‌ಬಾಗ್‌ಗಳ ಗಿರಣಿಗಳು ನೆನಪಾಗದೆ ಇರವು. 1982ರ ಮುಷ್ಕರದ ತರುವಾಯ ಒಂದೊಂದಾಗಿ ಮುಚ್ಚಿದ ಆ ಗಿರಣಿಗಳ ನೆಲ ಸುಮಾರು 600 ಎಕರೆ. ಅವುಗಳಲ್ಲಿ 25 ಗಿರಣಿಗಳು ಕೇಂದ್ರ ಸರ್ಕಾರದ ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿದ್ದವು. 1991ರ ಅಭಿವೃದ್ಧಿ ನಿಯಮಗಳು ಆ ನೆಲವನ್ನು ಮೂರು ಪಾಲು ಮಾಡಿದವು: ಸ್ಥೂಲವಾಗಿ ಒಂದು ಪಾಲು ಬಯಲು ಮತ್ತು ಉದ್ಯಾನಕ್ಕೆ, ಒಂದು ಸಾರ್ವಜನಿಕ ವಸತಿಗೆ, ಒಂದು ಒಡೆಯನಿಗೆ. 2001ರ ತಿದ್ದುಪಡಿ ಈ ಹಂಚಿಕೆಯನ್ನು ಕಟ್ಟಡಗಳಿಲ್ಲದ ಖಾಲಿ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. ಗಿರಣಿಯೆಂದರೆ ಬಹುಪಾಲು ಕಟ್ಟಡಗಳೇ ಆದ್ದರಿಂದ ಜನರ ಪಾಲು ಬಹಳವಾಗಿ ಕುಗ್ಗಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿಯಮದಲ್ಲಿ ಒಂದು ಪದ ಬದಲಾದರೆ ನಗರವೊಂದು ಎಷ್ಟು ಉದ್ಯಾನಗಳನ್ನೂ ಎಷ್ಟು ಮನೆಗಳನ್ನೂ ಕಳೆದುಕೊಳ್ಳಬಹುದು ಎಂಬುದಕ್ಕೆ ಇದು ನಿದರ್ಶನ. ಬೆಂಗಳೂರಿನ ಬಿನ್ನಿ ಗಿರಣಿಯ ನೆಲದಲ್ಲೂ ಈಗ ಎತ್ತರದ ವಸತಿ ಕಟ್ಟಡಗಳು ನಿಂತಿವೆ. ಹೋಮ್‌ಡೆಲ್‌ನ ದುಡಿಮೆಗಾರರು ಬೇರೆ ಕೆಲಸ ಹುಡುಕಿಕೊಳ್ಳಬಲ್ಲ ವಿದ್ಯಾವಂತರು. ಗಿರಣಿಯ ಕೆಲಸಗಾರರಿಗೆ ಆ ಅನುಕೂಲ ಇರಲಿಲ್ಲ. ಹೋಲಿಕೆ ಮಾಡುವಾಗ ಈ ಅಂತರವನ್ನು ಮರೆಯಲಾಗದು.

ಸಾಮರ್ಸೆಟ್ ಸಂಸ್ಥೆ ಇದೇ ಮಾದರಿಯನ್ನು ಇಲಿನಾಯ್ ರಾಜ್ಯದ ಷಿಕಾಗೋ ಸಮೀಪದ ಹಾಫ್‌ಮನ್ ಎಸ್ಟೇಟ್ಸ್ ಎಂಬಲ್ಲಿ, ಎ.ಟಿ. ಅಂಡ್ ಟಿ. ಕಂಪನಿಯ ಮತ್ತೊಂದು ಹಳೆಯ ಆವರಣದಲ್ಲಿ, 2019ರಿಂದ ಕೈಗೊಂಡಿದೆ. ಇತ್ತ ಹೋಮ್‌ಡೆಲ್‌ನಲ್ಲಿಯೇ, ಈ ಆವರಣದಿಂದ ಸ್ವಲ್ಪ ದೂರದ ಕ್ರಾಫರ್ಡ್ ಹಿಲ್ ಎಂಬ ಗುಡ್ಡದ ಮೇಲೆ ಕೊಂಬಿನ ಆಕಾರದ ಆಂಟೆನಾ ಒಂದಿದೆ. ವಿಶ್ವದ ಹುಟ್ಟಿನ ಕಾಲದಿಂದ ಉಳಿದು ಬಂದಿರುವ ಮಂದ ವಿಕಿರಣವನ್ನು ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರು 1964ರಲ್ಲಿ ಪತ್ತೆಹಚ್ಚಿದ್ದು ಅದರಿಂದಲೇ. 1978ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಆ ಗುಡ್ಡವೂ ಖಾಸಗಿಯವರಿಗೆ ಮಾರಾಟವಾಗಿ, ಅಲ್ಲಿ ಮನೆಗಳು ಏಳುವ ಸಂಭವ ಒದಗಿದಾಗ ಊರಿನವರು ಮತ್ತೆ ದನಿಯೆತ್ತಿದರು. ಈ ಸಲ ಯಾವ ಮಿಶ್ರ ಬಳಕೆಯ ಯೋಜನೆಯೂ ಬೇಕಾಗಲಿಲ್ಲ. ಊರಾಡಳಿತ ಆ ನೆಲವನ್ನು ಪಡೆದುಕೊಳ್ಳಲು ಮುಂದಾಯಿತು. ಅಲ್ಲಿನ ಉದ್ಯಾನಕ್ಕೆ ರಾಬರ್ಟ್ ವಿಲ್ಸನ್ ಅವರ ಹೆಸರನ್ನೇ ಇಡಲಾಗಿದೆ. ಜಾನ್ಸ್ಕಿಯ ಆಂಟೆನಾ ನಿಂತಿದ್ದ ಬಯಲಿನಲ್ಲಿಯೂ ಅದರ ಆಕಾರವನ್ನು ಹೋಲುವ ಸ್ಮಾರಕವೊಂದನ್ನು 1998ರಲ್ಲಿ ಸ್ಥಾಪಿಸಲಾಗಿದೆ.