ಗದುಗಿನ ಭಾರತಕ್ಕೆ ತಕ್ಕ ದನಿ ಎಲ್ಲಿದೆ?

ನವಲಗುಂದ ತಾಲ್ಲೂಕಿನ ಯಮನೂರು ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಚಾಂಗದೇವರ ಜಾತ್ರೆಗೆ, ಇಲ್ಲವೇ ಮಹದಾಯಿ ನೀರಿನ ಹೋರಾಟಕ್ಕೆ. ನನ್ನ ಪಾಲಿಗೆ ಅದು ಶಾಲೆಯಲ್ಲಿ ನಮಗೆ ಕುಮಾರವ್ಯಾಸನನ್ನು ಓದಿಸಿದ ಮಾಸ್ತರರ ಊರು. ಅವರ ದೃಷ್ಟಿ ಈಗ ಮಂಜಾಗಿದೆ. ಗದುಗಿನ ಭಾರತವನ್ನು ಇನ್ನೊಮ್ಮೆ ಮೊದಲಿನಿಂದ ಕೇಳಬೇಕೆಂಬುದು ಅವರ ಆಸೆ. ತಕ್ಕ ಧ್ವನಿಮುದ್ರಿಕೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಕನ್ನಡ ಕಾದಂಬರಿಗಳು ಈಗ ಕೇಳುಪುಸ್ತಕಗಳಾಗಿ ಬರುತ್ತಿವೆ. ಗದ್ಯಕ್ಕೆ ಸ್ಪಷ್ಟ ಉಚ್ಚಾರಣೆಯ ಓದುಗನೊಬ್ಬ ಸಾಕು. ಹಳೆಯ ಕಾವ್ಯದ ಮಾತು ಬೇರೆ. ಮೊಬೈಲಿನ ಯಂತ್ರದನಿಯಲ್ಲಿ ಒಂದು ಸಂಧಿ ಕೇಳಿದ ಮಾಸ್ತರರು, ‘ಇದು ಭಾರತ ಅಲ್ಲೋ ತಮ್ಮಾ, ಸ್ಟೇಶನ್ನಿನ್ಯಾಗ ಗಾಡಿ ಬರೂದನ್ನ ಹೇಳಿದಂಗ ಐತಿ’ ಎಂದರು. ಇದು ಬರಿಯ ತಮಾಷೆಯಲ್ಲ. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಒಂದರ ಬೆನ್ನಿಗೊಂದು ಬರುತ್ತವೆ. ಪದ ಮಾತ್ರ ಆ ಕಟ್ಟಿಗೆ ಒಳಗಾಗದೆ ಎಷ್ಟೋ ಸಲ ಮುಂದಿನ ಸಾಲಿಗೆ ಹರಿಯುತ್ತದೆ. ಸಾಲಿನ ಕೊನೆಗೆ ಯಂತ್ರ ನಿಂತಿತೋ, ಪದ ತುಂಡಾಗಿ ಅರ್ಥವೇ ಕೈಬಿಡುತ್ತದೆ.

ಲಯ ಕೆಡದಂತೆ ಪದ ಬಿಡಿಸಿ ಹಾಡಲೆಂದೇ ನಮ್ಮಲ್ಲಿ ಗಮಕವಿದೆ. ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಶಿವಮೊಗ್ಗ ಬಳಿಯ ಹೊಸಹಳ್ಳಿ ಈ ಕಲೆಯನ್ನು ಉಳಿಸಿಕೊಂಡ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಗಮಕದ ಮುದ್ರಿಕೆಗಳು ಅಂತರ್ಜಾಲದಲ್ಲಿವೆ, ಕೆಲವಂತೂ ಬಹು ಸೊಗಸಾಗಿವೆ. ಆದರೆ ನನಗೆ ದೊರೆತವುಗಳಲ್ಲಿ ಹೆಚ್ಚಿನವು ಬಿಡಿ ಪ್ರಸಂಗಗಳು. ಎಷ್ಟನೆಯ ಸಂಧಿ, ಯಾರು ಸಂಪಾದಿಸಿದ ಪಾಠ ಎಂಬ ವಿವರವಿಲ್ಲ. ಜತೆಗೆ ಸಭೆಯ ಕೆಮ್ಮು, ಮೈಕಿನ ಕಿರುಚಾಟ. ಕಣ್ಣು ಕಾಣದವರು ನಿನ್ನೆ ನಿಲ್ಲಿಸಿದ ಪದ್ಯವನ್ನು ಇಂದು ಹುಡುಕುವುದಾದರೂ ಹೇಗೆ?

ಕುಮಾರವ್ಯಾಸನ ಕೋಳಿವಾಡ ಇದೇ ಧಾರವಾಡ ಜಿಲ್ಲೆಯಲ್ಲಿದೆ. ಪಂಪನ ತಾಯಿಯ ಕಡೆಯ ಊರಾದ ಅಣ್ಣಿಗೇರಿ ನವಲಗುಂದದ ನೆರೆಯಲ್ಲೇ ಇದೆ. ಇಬ್ಬರ ಮೂಲಕಾವ್ಯಕ್ಕೂ ಹಕ್ಕುಸ್ವಾಮ್ಯದ ತೊಡಕಿಲ್ಲ. (1981ರಲ್ಲಿ ತೀರಿಕೊಂಡ ಬೇಂದ್ರೆಯವರು ಬದುಕಿದ್ದಾಗ ಪ್ರಕಟಿಸಿದ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕುಂಟು.) ಹಕ್ಕಿರುವ ಕೃತಿಯನ್ನೂ ಓದಲಾಗದ ಅಂಗವಿಕಲರಿಗಾಗಿ ಧ್ವನಿರೂಪಕ್ಕೆ ತರಲು ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಕಾನೂನಿನ ನೆಪ ಹೇಳುವಂತಿಲ್ಲ.

1950ರಲ್ಲಿ ಆರಂಭವಾದ ಆಕಾಶವಾಣಿ ನಿಲಯ ಧಾರವಾಡದಲ್ಲಿದೆ, ವಿಶ್ವವಿದ್ಯಾಲಯವೂ ಇದೆ. ಹತ್ತೂ ಪರ್ವಗಳನ್ನು ಒಮ್ಮೆಲೇ ಕೈಗೆತ್ತಿಕೊಳ್ಳಬೇಕೆಂದಿಲ್ಲ. ಉದ್ಯೋಗಪರ್ವವೊಂದನ್ನೇ ಮೊದಲು ಸ್ಟುಡಿಯೋದಲ್ಲಿ, ಸಭೆಯ ಗದ್ದಲವಿಲ್ಲದೆ, ಆದಿಯಿಂದ ಅಂತ್ಯದವರೆಗೆ ಮುದ್ರಿಸಲಿ. ಪ್ರತಿ ಸಂಧಿಯೂ ಬೇರೆ ಕಡತವಾಗಲಿ, ಪದ್ಯಸಂಖ್ಯೆಯನ್ನು ದನಿಯಲ್ಲೇ ಹೇಳಲಿ. ವಾಚನ, ವ್ಯಾಖ್ಯಾನ ಬೇರೆಬೇರೆ ಇದ್ದರೆ ಬೇಕಾದವರು ಬೇಕಾದ್ದನ್ನು ಕೇಳಿಯಾರು. ವ್ಯಾಖ್ಯಾನ ನಮ್ಮ ಕಡೆಯ ಮಾತಿನಲ್ಲೇ ಇದ್ದರೂ ಕುಮಾರವ್ಯಾಸನೇನೂ ಬೇಸರಪಡಲಾರ.